ಎರಡು ಮಾಟುಂಗ, ಒಂದು ಪ್ರಶ್ನೆ

ಮುಂಬಯಿಯಲ್ಲಿ ಮಾಟುಂಗ ಎಂಬುದು ಒಂದಲ್ಲ, ಎರಡು. ಸೆಂಟ್ರಲ್ ಲೈನಿನಲ್ಲಿರುವುದು ಮಾಟುಂಗ, ವೆಸ್ಟರ್ನ್ ಲೈನಿನಲ್ಲಿರುವುದು ಮಾಟುಂಗ ರೋಡ್. ಇಲ್ಲಿನ ಕನ್ನಡಿಗರಿಗೆ ಎರಡೂ ಬೇಕು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದು ಪೂರ್ವಕ್ಕೆ, ಭಾವು ದಾಜಿ ರಸ್ತೆಯಲ್ಲಿ. 1933ರ ಕರ್ನಾಟಕ ಸಂಘ ಇರುವುದು ಪಶ್ಚಿಮಕ್ಕೆ, ಮೊಗಲ್ ಲೇನಿನಲ್ಲಿ. ಯಕ್ಷಗಾನ ಇದೆಯೆಂದು ಹೊರಟವರು ತಪ್ಪು ಲೈನಿನಲ್ಲಿ ಇಳಿದರೆ, ಸಭಾಗೃಹ ತಲುಪುವಷ್ಟರಲ್ಲಿ ಅರ್ಧ ಪ್ರಸಂಗ ಮುಗಿದಿರುತ್ತದೆ.

ನನ್ನ ಅಮ್ಮ ಕುಂದಾಪುರದಿಂದ ಬಂದು ಡೊಂಬಿವಲಿಯ ನಮ್ಮ ಮನೆಯಲ್ಲಿ ನೆಲೆಸಿ ಮೂರು ವರ್ಷವಾಯಿತು. ಅವರು ಓದುವುದು ಕನ್ನಡ ಮಾತ್ರ. ನಿಲ್ದಾಣದ ಫಲಕಗಳಲ್ಲಿರುವುದು ಮರಾಠಿ, ಹಿಂದಿ, ಇಂಗ್ಲಿಷ್. ಕಾರ್ಯಕ್ರಮಗಳಿಗೆ ಒಬ್ಬರೇ ಹೋಗಿಬರುವ ಆಸೆ, ಆದರೆ ಪ್ರತಿ ಸಲವೂ ನನ್ನ ರಜೆಗೆ ಕಾಯಬೇಕು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರಿಸುವ ಒಂದು ಚಾಟ್ ವಿಳಾಸವನ್ನು ನಾನೇ ಕಟ್ಟಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಹಾಗೆ. ಸಾಫ್ಟ್‌ವೇರ್ ಕೆಲಸದವನಿಗೆ ಶನಿವಾರ, ಭಾನುವಾರ ಸಿಕ್ಕರೆ ಇಂಥ ಹುಚ್ಚು ಸಹಜ.

ವಾಟ್ಸ್‌ಆ್ಯಪ್‌ನಲ್ಲಿ ಯಂತ್ರದಿಂದ ಉತ್ತರ ಕೊಡಿಸಬೇಕೆಂದರೆ ಕಂಪನಿಯ ಒಪ್ಪಿಗೆ ಬೇಕು, ಅದರ ನಿಯಮಕ್ಕೆ ತಲೆಬಾಗಬೇಕು. ಹಾಗಾಗಿ ನಾನು ಆರಿಸಿಕೊಂಡದ್ದು ಎಕ್ಸ್‌ಎಂಪಿಪಿ. ಜೆರೆಮಿ ಮಿಲ್ಲರ್ ಎಂಬ ಅಮೆರಿಕದ ತಂತ್ರಜ್ಞ 1999ರಲ್ಲಿ 'ಜ್ಯಾಬರ್' ಎಂಬ ಹೆಸರಿನಲ್ಲಿ ಆರಂಭಿಸಿದ, 2004ರಲ್ಲಿ ಅಂತರ್ಜಾಲದ ಅಧಿಕೃತ ಮಾನದಂಡವಾದ ಸಂದೇಶ ನಿಯಮಾವಳಿ ಇದು. ಇಮೇಲ್ ಇದ್ದಂತೆಯೇ: ವಿಳಾಸದಲ್ಲಿ ನಿಮ್ಮ ಹೆಸರು, ನಂತರ ನಿಮ್ಮ ಸರ್ವರಿನ ಹೆಸರು. ಸರ್ವರ್ ಯಾರದಾದರೂ ಆಗಿರಲಿ, ಒಂದರಿಂದ ಇನ್ನೊಂದಕ್ಕೆ ಸಂದೇಶ ಹೋಗುತ್ತದೆ. ಉಡುಪಿಯಲ್ಲಿ ಹಾಕಿದ ಕಾಗದ ಮುಂಬಯಿ ಅಂಚೆಯಲ್ಲಿ ಬಟವಾಡೆಯಾದಂತೆ.

ಈ ಬಾಗಿಲು ಒಮ್ಮೆ ಅಗಲವಾಗಿಯೇ ತೆರೆದಿತ್ತು. 2005ರಲ್ಲಿ ಬಂದ ಗೂಗಲ್ ಟಾಕ್ ಇದೇ ನಿಯಮ ಬಳಸಿತು, 2006ರಲ್ಲಿ ಬೇರೆ ಸರ್ವರುಗಳಿಗೂ ಸಂಪರ್ಕ ಕೊಟ್ಟಿತು. 2013ರಲ್ಲಿ ಹ್ಯಾಂಗ್‌ಔಟ್ಸ್ ಬಂದಾಗ ಆ ಸಂಪರ್ಕ ಹೊಸ ವ್ಯವಸ್ಥೆಯಲ್ಲಿ ಉಳಿಯಲಿಲ್ಲ. ವಾಟ್ಸ್‌ಆ್ಯಪ್ ಕೂಡ ಎಕ್ಸ್‌ಎಂಪಿಪಿಯನ್ನೇ ತನಗೆ ಬೇಕಾದಂತೆ ಬದಲಿಸಿಕೊಂಡು ಬೆಳೆದದ್ದು, ಆದರೆ ಹೊರಗಿನವರಿಗೆ ಬಾಗಿಲು ತೆರೆಯಲಿಲ್ಲ. ದೊಡ್ಡ ಸಂದೇಶ ಸೇವೆಗಳು ಇತರರಿಗೂ ದಾರಿ ಕೊಡಬೇಕೆಂದು ಈಗ ಯುರೋಪು ಕಾನೂನು ಮಾಡಿದೆ. ನಮ್ಮಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು 'ಪ್ರಾವ್' ಎಂಬ ಎಕ್ಸ್‌ಎಂಪಿಪಿ ಆ್ಯಪನ್ನು ಸಹಕಾರಿ ತತ್ವದಲ್ಲಿ ನಡೆಸಲು ಹೊರಟಿದ್ದಾರೆ. ಮಲಯಾಳದಲ್ಲಿ ಪ್ರಾವ್ ಎಂದರೆ ಪಾರಿವಾಳ.

ಮನೆಯ ಮೂಲೆಯಲ್ಲೊಂದು ಅಂಗೈಯಗಲದ ಕಂಪ್ಯೂಟರಿನಲ್ಲಿ ಸರ್ವರ್ ಎದ್ದು ನಿಂತಿತು. ಅಮ್ಮನ ಫೋನಿಗೆ 'ಕಾನ್ವರ್ಸೇಷನ್ಸ್' ಆ್ಯಪ್ ಹಾಕಿದೆ. ಉಳಿದದ್ದು ಉತ್ತರ ಎಲ್ಲಿಂದ ತರುವುದು ಎಂಬ ಪ್ರಶ್ನೆ.

ಅದಕ್ಕೆ ನೆರವಾದದ್ದು 2012ರ ಅಕ್ಟೋಬರಿನಲ್ಲಿ ಆರಂಭವಾದ ವಿಕಿಡೇಟಾ. ಇಲ್ಲಿ ಲೇಖನಗಳಿಲ್ಲ, ಪುಟ್ಟ ಪುಟ್ಟ ಹೇಳಿಕೆಗಳಿವೆ. ಶಾಲೆಯ ವ್ಯಾಕರಣದ ಕರ್ತೃ, ಕರ್ಮ, ಕ್ರಿಯಾಪದದ ಹಾಗೆ ಪ್ರತಿಯೊಂದಕ್ಕೂ ಮೂರು ಭಾಗ. 'ಯಶವಂತ ಚಿತ್ತಾಲ, ವಾಸಸ್ಥಳ, ಮುಂಬಯಿ' ಎಂಬಂತೆ. ಪ್ರತಿ ವ್ಯಕ್ತಿಗೆ, ಊರಿಗೆ ಒಂದು ಸಂಖ್ಯೆ. ಮುಂಬಯಿಯದು ಕ್ಯೂ 1156. ಮುಂಬೈ, ಮುಂಬಯಿ, ಬೊಂಬಾಯಿ, ಹೇಗೆ ಬರೆದರೂ ಸಂಖ್ಯೆ ಅದೇ.

ಹೆಸರು ಬದಲಾಗುತ್ತಲೇ ಇರುವ ಈ ನಗರದಲ್ಲಿ ಇದು ಸಣ್ಣ ಅನುಕೂಲವಲ್ಲ. ವಿ.ಟಿ. 1996ರಲ್ಲಿ ಸಿ.ಎಸ್.ಟಿ. ಆಯಿತು, 2017ರಲ್ಲಿ ಸಿ.ಎಸ್.ಎಂ.ಟಿ. 2018ರಲ್ಲಿ ಎಲ್ಫಿನ್‌ಸ್ಟನ್ ರೋಡ್ ಪ್ರಭಾದೇವಿ ಆಯಿತು. ಹೋಟೆಲುಗಳಲ್ಲಿ ದುಡಿದು ನಿವೃತ್ತರಾದ ನಮ್ಮವರ ಬಾಯಲ್ಲಿ ಅದು ಇಂದಿಗೂ ವಿ.ಟಿ.ಯೇ. ಹಳೆಯ ಹೆಸರನ್ನೂ ದಾಖಲಿಸಿದ್ದರೆ ಸಾಕು, ಎರಡೂ ಒಂದೇ ಕಡೆ ತಲುಪಿಸುತ್ತವೆ. ಎರಡು ಮಾಟುಂಗಗಳಿಗೆ ಎರಡು ಸಂಖ್ಯೆ ಇರುವುದರಿಂದ ಅವು ಬೆರೆತುಹೋಗುವುದೂ ಇಲ್ಲ.

ಮೊದಲ ದಿನ ಅಮ್ಮ ಒಂದು ಸ್ಟೇಷನ್ನಿನ ಬಗ್ಗೆ ಕೇಳಿದರು. ಬಂದ ಉತ್ತರ ಕ್ಯೂ ಅಕ್ಷರ, ಅದರ ಹಿಂದೆ ಉದ್ದದ ಅಂಕಿ. "ಇದೆಂತ ಮಗಾ, ಜೈಲಿನ ನಂಬ್ರದ ಹಾಂಗಿತ್ತಲ್ಲ?" ಎಂದರು. ಕಾರಣ ಸರಳ. ಒಂದು ಭಾಷೆಯಲ್ಲಿ ಹೆಸರು ಕೇಳಿ, ಆ ಭಾಷೆಯಲ್ಲಿ ಯಾರೂ ಹೆಸರು ಬರೆದಿಲ್ಲವಾದರೆ ವಿಕಿಡೇಟಾ ಸಂಖ್ಯೆಯನ್ನಷ್ಟೇ ಕೊಡುತ್ತದೆ. ಸ್ಟೇಷನ್ ಇದೆ, ಲೈನಿದೆ, ಅಕ್ಷಾಂಶ ರೇಖಾಂಶವೂ ಇದೆ. ಇಲ್ಲದ್ದು ಕನ್ನಡ ಮಾತ್ರ.

ಅಲ್ಲಿಗೆ ಪ್ರೋಗ್ರಾಮಿಂಗ್ ಬದಿಗೆ ಸರಿಯಿತು. ಮುಂದಿನ ಹಲವು ರಾತ್ರಿ ನಾನು ಹೆಸರುಗಳನ್ನು ಟೈಪ್ ಮಾಡಿದೆ, ಅಮ್ಮ ಪಕ್ಕದಲ್ಲಿ ಕೂತು ತಿದ್ದಿದರು. ಫಲಕದಲ್ಲಿರುವಂತೆ ಬರೆಯಬೇಕೋ, ನಮ್ಮವರು ಕರೆಯುವಂತೆಯೋ? ಠಾಣೆಯೋ ಥಾಣೆಯೋ? ಒಂದನ್ನು ಮುಖ್ಯ ಹೆಸರಾಗಿ, ಇನ್ನೊಂದನ್ನು ಪರ್ಯಾಯವಾಗಿ ಬರೆದೆವು.

ನನ್ನ ಪ್ರಯೋಗಕ್ಕೆ ಮಿತಿಯಿದೆ. ಇಂದು ಲೋಕಲ್ ಎಷ್ಟು ತಡ ಎಂಬುದು ಅದಕ್ಕೆ ಗೊತ್ತಿಲ್ಲ. ಮಾಟುಂಗದಲ್ಲಿ ಫಾಸ್ಟ್ ನಿಲ್ಲುವುದಿಲ್ಲ, ಸ್ಲೋ ಹಿಡಿಯಬೇಕು ಎಂಬುದನ್ನು ನಾನೇ ಕೈಯಾರೆ ಸೇರಿಸಿದೆ. ಆದರೂ ಕಳೆದ ತಿಂಗಳು ಅಮ್ಮ ಒಬ್ಬರೇ ಹೋದರು. ದಾದರಿನಲ್ಲಿ ಇಳಿದು, ವೆಸ್ಟರ್ನ್ ಲೈನಿಗೆ ದಾಟಿ, ಒಂದೇ ಸ್ಟೇಷನ್ ಮುಂದಿನ ಮಾಟುಂಗ ರೋಡಿಗೆ. ನಾನು ಆಫೀಸಿನಲ್ಲಿದ್ದೆ. ಫೋನಿಗೆ ಬಂದದ್ದು ಎರಡೇ ಪದ: "ಮುಟ್ಟಿದೆ. ಆರಾಮ."

ಈ ನಗರದಲ್ಲಿ ನಮ್ಮ ಹಿರಿಯರು ಸಂಘ ಕಟ್ಟಿದರು, ರಾತ್ರಿಶಾಲೆ ನಡೆಸಿದರು. ಅದಕ್ಕೆ ಹೋಲಿಸಿದರೆ ನಮ್ಮ ಪಾಲಿನ ಕೆಲಸ ಹಗುರ. ವಿಕಿಡೇಟಾದಲ್ಲಿ ಖಾತೆ ತೆರೆಯಲು ದುಡ್ಡಿಲ್ಲ, ಮೊಬೈಲೇ ಸಾಕು. ನೀವು ದಿನಾ ಇಳಿಯುವ ಸ್ಟೇಷನ್ನನ್ನು ಹುಡುಕಿ. ಕನ್ನಡದ ಜಾಗ ಖಾಲಿಯಿದ್ದರೆ, ಅದರ ಹೆಸರು ಬರೆಯಲು ಒಂದು ನಿಮಿಷ ಸಾಕು.