ಕೆಡವಿದ ಮನೆಯೂ ಹಸಿರು ಕಟ್ಟಡದ ಲೆಕ್ಕವೂ

ಹಳೆಯ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಎಬ್ಬಿಸುವುದು ಸೊಲ್ಲಾಪುರದ ಪೇಟೆಗಳಲ್ಲೂ ನಡೆದಿದೆ, ಅಕ್ಕಲಕೋಟ, ದುಧನಿ, ಮೈಂದರ್ಗಿಗಳಲ್ಲೂ ನಡೆದಿದೆ. ಕೆಡವಿದ ರಾಡಾರೋಡಾ ಬಗ್ಗೆ ಮಾತ್ರ ತಪ್ಪು ತಿಳಿವಳಿಕೆಗಳು ಹಾಗೇ ಉಳಿದಿವೆ.

ನಂಬಿಕೆ: ಹಳೆಯ ಕಾಂಕ್ರೀಟು ಒಡೆದು ಮಾಡಿದ ಖಡಿಗೆ ಗಟ್ಟಿತನವಿಲ್ಲ.

ಗೌಂಡಿಗಳು ಹೀಗೆ ಹೇಳುವುದಕ್ಕೆ ಕಾರಣವಿದೆ. ಆ ಖಡಿಗೆ ಹಳೆಯ ಸಿಮೆಂಟು ಅಂಟಿಕೊಂಡೇ ಇರುತ್ತದೆ, ಅದು ನೀರು ಹೀರುತ್ತದೆ. ಆದ್ದರಿಂದ ಕಲಸುವ ಮುಂಚೆ ಖಡಿ ನೆನೆಸಬೇಕು. ಅಷ್ಟಕ್ಕೇ ಬಳಸಲೇಬಾರದು ಎನ್ನುವುದು ಸರಿಯಲ್ಲ. ಭಾರತೀಯ ಮಾನಕ ಐಎಸ್ 383, 2016ರಿಂದಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ: ಸರಳಿಲ್ಲದ ಕಾಂಕ್ರೀಟಿನ ಖಡಿಯಲ್ಲಿ 25%ವರೆಗೆ, ಸರಳು ಹಾಕಿದ್ದರಲ್ಲಿ ಎಂ25 ದರ್ಜೆಯವರೆಗೆ ಮಾತ್ರ 20%, ಎಂ15ಕ್ಕಿಂತ ಕೆಳಗಿನ ಬೆಡ್ ಕಾಂಕ್ರೀಟಿನಂಥ ಕೆಲಸಕ್ಕೆ ಪೂರ್ತಿ 100%. ಇಟ್ಟಿಗೆ, ಗಿಲಾವು ಬೆರೆತ ಚೂರಿಗೆ ಈ ಸಲಿಗೆಯಿಲ್ಲ, ಅದು ಬೆಡ್ ಕಾಂಕ್ರೀಟಿನಂಥ ಕೆಲಸಕ್ಕೆ ಮಾತ್ರ ಸಲ್ಲುತ್ತದೆ. ನಷ್ಟ ಆಗುವುದು ಇಲ್ಲೇ: ಸ್ಲ್ಯಾಬಿನ ಕಾಂಕ್ರೀಟನ್ನೂ ಗೋಡೆಯ ಇಟ್ಟಿಗೆಯನ್ನೂ ಒಂದೇ ಟ್ರ್ಯಾಕ್ಟರಿಗೆ ತುಂಬಿದ ಗಳಿಗೆಯಲ್ಲಿ ಒಳ್ಳೆಯ ಮಾಲು ಕೀಳು ಮಾಲಾಗುತ್ತದೆ.

2023ರ ಜೂನ್‌ನಲ್ಲಿ ಸೊಲ್ಲಾಪುರದ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿ ವಿಮಾನ ಹಾರಾಟಕ್ಕೆ ಅಡ್ಡಿಯೆಂದು ಕ್ಷಣಗಳಲ್ಲಿ ನೆಲಕ್ಕುರುಳಿತು. ಉರುಳಿಸುವ ಕೌಶಲವನ್ನು ಎಲ್ಲರೂ ಮೆಚ್ಚುತ್ತೇವೆ. ಬಿದ್ದದ್ದನ್ನು ಬೇರ್ಪಡಿಸುವ ಕೈಗಳಿಗೂ ಅಷ್ಟೇ ಬೆಲೆ ಸಿಗಬೇಕು ಎನ್ನುವುದು ನನ್ನ ಹಟ.

ಇನ್ನು ಹಳೆಯ ಗೋಡೆಯ ಕರಿಕಲ್ಲು, ಸಾಗುವಾನಿ ತೊಲೆ, ಬಾಗಿಲ ಚೌಕಟ್ಟು. ಇವನ್ನು ಒಡೆಯುವುದೇ ಬೇಡ. ಇದ್ದ ಹಾಗೆ ಮತ್ತೆ ಬಳಸುವುದು ಯಾವ ಯಂತ್ರಕ್ಕಿಂತಲೂ ಮೇಲು.

ನಂಬಿಕೆ: ಸೋಲಾರ್ ಫಲಕ, ನಾಲ್ಕು ಗಿಡ ಇದ್ದರೆ ಹಸಿರು ಪ್ರಮಾಣಪತ್ರ ಬಂದಂತೆ.

ಅಂಕಗಳು ಕಸಕ್ಕೂ ಇವೆ. ಹಸಿರು ಪ್ರಮಾಣಪತ್ರ ಕೊಡುವ ಲೀಡ್ ಪದ್ಧತಿಯ ನಾಲ್ಕನೇ ಆವೃತ್ತಿಯಲ್ಲಿ ಕಾಮಗಾರಿಯ ತ್ಯಾಜ್ಯದ 50%ರಷ್ಟು, ಕನಿಷ್ಠ ಮೂರು ಬಗೆಯ ಸಾಮಗ್ರಿಯಾಗಿ ಬೇರ್ಪಟ್ಟು, ಕಸದ ಗುಂಡಿ ಸೇರದೆ ಉಳಿದರೆ ಒಂದು ಅಂಕ. 75%, ನಾಲ್ಕು ಬಗೆಯಾದರೆ ಎರಡು. ಪಾಯಾ ಅಗೆದಾಗ ಬಂದ ಎರೆಮಣ್ಣು ಈ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಸೇರಿಸಿ ಶೇಕಡಾವಾರು ಹಿಗ್ಗಿಸಲಾಗದು. ತೂಕದ ಚೀಟಿಗಳೂ ಬೇಕು, ಬಾಯಿಮಾತು ನಡೆಯದು.

ಎನ್‌ಟಿಪಿಸಿಯ ಸೊಲ್ಲಾಪುರ ಸ್ಥಾವರದಂಥ ಕಡೆ ಸಿಗುವ ಹಾರುಬೂದಿಯ ಇಟ್ಟಿಗೆ ಹಾಕಿದೆವಲ್ಲ ಎನ್ನುವವರಿದ್ದಾರೆ. ಅದು ಒಳ್ಳೆಯದೇ. ಆದರೆ ಅದು ಕೊಂಡ ಸಾಮಗ್ರಿಯ ಲೆಕ್ಕ, ನೀವು ಕೆಡವಿದ್ದರದ್ದಲ್ಲ.

ನಂಬಿಕೆ: ಕಟ್ಟಡ ತ್ಯಾಜ್ಯದ ಕಾಯ್ದೆಯೆಲ್ಲ ಪುಣೆ, ಮುಂಬೈಗೆ.

2016ರ ಮಾರ್ಚ್‌ನಲ್ಲಿ ಹೊರಟ ಕೇಂದ್ರದ ನಿಯಮಗಳು ಚಿಕ್ಕ ಊರನ್ನೂ ಬಿಟ್ಟಿರಲಿಲ್ಲ. 2011ರ ಜನಗಣತಿಯಲ್ಲಿ ಸುಮಾರು 9.5 ಲಕ್ಷ ಜನರಿದ್ದ ಸೊಲ್ಲಾಪುರದಂಥ ನಗರಕ್ಕೆ ವ್ಯವಸ್ಥೆ ಮಾಡಿಕೊಳ್ಳಲು ಎರಡು ವರ್ಷ, ಐದು ಲಕ್ಷಕ್ಕಿಂತ ಚಿಕ್ಕದಾದ ಅಕ್ಕಲಕೋಟದಂಥ ಊರಿಗೆ ಮೂರು ವರ್ಷ ಗಡುವಿತ್ತು. ರಸ್ತೆ, ಗಟಾರಕ್ಕೆ ಚೆಲ್ಲಬಾರದೆಂಬ ಹೊಣೆ ಒಂದು ಗೋಡೆ ಕೆಡವಿದವರ ಮೇಲೂ ಇತ್ತು. 2025ರ ಹೊಸ ನಿಯಮಗಳು (ಜಾರಿಯ ದಿನ 2026ರ ಏಪ್ರಿಲ್ 1) 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳ ಮೇಲೆ ಮರುಬಳಕೆಯ ಗುರಿಯನ್ನೇ ಹೊರಿಸುತ್ತವೆ.

ಮನೆ ಚಿಕ್ಕದಾದರೂ ಕೆಡವುವವರ ಜೊತೆಗಿನ ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಕಾಂಕ್ರೀಟು, ಇಟ್ಟಿಗೆ, ಮಣ್ಣು, ಕಟ್ಟಿಗೆ–ಕಬ್ಬಿಣ ಬೇರೆ ಬೇರೆ ಗುಡ್ಡೆ, ಗುಡ್ಡೆ ಬೆರೆತರೆ ಹಣ ಕಡಿತ.