ಕೈಯೊಳಗಿನ ಕತ್ತಲೆಕೋಣೆ

ಭಾವಚಿತ್ರ ತೆಗೆಯಿಸಿಕೊಳ್ಳುವುದೆಂದರೆ ಒಂದು ಕಾಲಕ್ಕೆ ಮನೆಮಂದಿಯೆಲ್ಲ ಹಬ್ಬದ ಉಡುಪು ಧರಿಸಿ, ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದು ನಿಲ್ಲುವುದೆಂದು ಅರ್ಥವಾಗಿದ್ದಿತು. ಈಗಲಾದರೋ ಕ್ಯಾಮೆರಾವು ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿದ್ದಿರುತ್ತದೆ. ಮಾರತ್ತಹಳ್ಳಿಯಲ್ಲಿ ವಾಸವಾಗಿರುವ ನಮ್ಮಂತಹ ಹವ್ಯಾಸಿಗಳಿಗೆ ಇದರಿಂದಾದ ಅನುಕೂಲವು ಅಲ್ಪವಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ ಬಸ್ಸು ನಮ್ಮೂರ ಸೇತುವೆಯ ಬಳಿ ನಿಂತಲ್ಲೇ ನಿಂತಿರುವಾಗ ಎರಡು ಚಿತ್ರಗಳನ್ನು ತಿದ್ದಿ ಮುಗಿಸುವಷ್ಟು ವಿರಾಮವು ದೊರೆಯುತ್ತದೆ. ಹೊರವರ್ತುಲ ರಸ್ತೆಯಿಂದ ನಮಗಾಗಿರುವ ಉಪಕಾರವು ಬಹುಶಃ ಇದೊಂದೇ.

ಚಿತ್ರವನ್ನು ತಿದ್ದುವುದು ಹೊಸ ವಿದ್ಯೆಯೇನೂ ಅಲ್ಲ. ಹಿಂದಿನ ಸ್ಟುಡಿಯೋಗಳಲ್ಲಿ ನೆಗೆಟಿವಿನ ಮೇಲೆ ಸೀಸದ ಕಡ್ಡಿಯಿಂದ ನವುರಾಗಿ ಗೀಚಿ ಮುಖದ ಕಲೆಗಳನ್ನು ಮರೆಸುತ್ತಿದ್ದರು. ಬೆಂಗಳೂರಿನ ಡಾ. ಜಿ. ಥಾಮಸ್ ಅವರು 1953ರಲ್ಲಿ ಭಾರತೀಯ ಛಾಯಾಚಿತ್ರ ಒಕ್ಕೂಟವನ್ನು ಸ್ಥಾಪಿಸಿದ ಕಾಲದಲ್ಲಿ ಹವ್ಯಾಸಿಯಾದವನು ಕತ್ತಲೆಕೋಣೆಯಲ್ಲಿ ನಿಂತು, ದೀಪಕ್ಕೂ ಅಚ್ಚಿನ ಕಾಗದಕ್ಕೂ ನಡುವೆ ಕೈಯನ್ನು ಅಡ್ಡಹಿಡಿದು, ಚಿತ್ರದ ಒಂದು ಭಾಗವನ್ನು ತಿಳಿಯಾಗಿಯೂ ಇನ್ನೊಂದನ್ನು ಗಾಢವಾಗಿಯೂ ಮಾಡುತ್ತಿದ್ದನು. ಅಮೆರಿಕದ ನೋಲ್ ಸಹೋದರರು ರಚಿಸಿ 1990ರಲ್ಲಿ ಮಾರಾಟಕ್ಕೆ ಬಂದ ಫೋಟೋಶಾಪ್ ತಂತ್ರಾಂಶವು ಈ ಉಪಾಯಗಳ ಡಾಡ್ಜ್, ಬರ್ನ್ ಎಂಬ ಹಳೆಯ ಹೆಸರುಗಳನ್ನೇ ಉಳಿಸಿಕೊಂಡಿದೆ. ಹಣ ತೆರಲೊಲ್ಲದವರಿಗೆ ಗಣಕದಲ್ಲಿ ಗಿಂಪ್, ಡಾರ್ಕ್‌ಟೇಬಲ್‌ಗಳೂ ಫೋನಿನಲ್ಲಿ ಸ್ನ್ಯಾಪ್‌ಸೀಡೂ ಉಚಿತವಾಗಿಯೇ ದೊರೆಯುತ್ತವೆ.

ಆದರೆ ಅಂದಿಗೂ ಇಂದಿಗೂ ಒಂದು ದೊಡ್ಡ ಭೇದವುಂಟು. ಅಂದು ತಿದ್ದಬೇಕೆಂದು ಮನಸ್ಸು ಮಾಡಿದವನೇ ತಿದ್ದುತ್ತಿದ್ದನು. ಇಂದು ನಾವು ಕೇಳುವುದಕ್ಕೆ ಮುಂಚೆಯೇ ಫೋನು ತಿದ್ದಿಬಿಟ್ಟಿರುತ್ತದೆ. ಹಳೆಯ ಫಿಲ್ಮಿನ ಒಂದು ಚೌಕವು 36 ಮಿಲಿಮೀಟರು ಉದ್ದ, 24 ಮಿಲಿಮೀಟರು ಅಗಲವಿದ್ದಿತು. ಫೋನಿನೊಳಗೆ ಬೆಳಕನ್ನು ಗ್ರಹಿಸುವ ಫಲಕವಾದರೋ ಹೆಚ್ಚುಕಡಮೆ ಒಂದು ಉಗುರಿನಷ್ಟು. ಈ ಕೊರತೆಯನ್ನು ತುಂಬಿಕೊಳ್ಳಲು ಅದು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ತೆಗೆದು, ಒಂದರ ಮೇಲೊಂದನ್ನು ಹೊಂದಿಸಿ, ನೆರಳನ್ನು ಬೆಳಗಿಸಿ, ಆಕಾಶವನ್ನು ತಗ್ಗಿಸಿ ಒಂದೇ ಚಿತ್ರವನ್ನಾಗಿ ಮಾಡುತ್ತದೆ. ಇಷ್ಟಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಮುಖವನ್ನು ಗುರುತಿಸಿ ಚರ್ಮವನ್ನು ನುಣುಪುಗೊಳಿಸುವ 'ಬ್ಯೂಟಿ' ಏರ್ಪಾಡಿನ ಮಾತು ಬೇರೆ.

ನಮ್ಮ ನೆರೆಮನೆಯ ಅಜ್ಜಿಯೊಬ್ಬರ ಹಣೆಯ ಮೇಲೆಯೂ ಗಲ್ಲದ ಮೇಲೆಯೂ ಹಸುರು ಹಚ್ಚೆಯ ಬೊಟ್ಟುಗಳಿದ್ದವು. ಮೊಮ್ಮಗಳ ಮದುವೆಯಲ್ಲಿ ಹುಡುಗರು ಅವರ ಚಿತ್ರಗಳನ್ನು ಹತ್ತಾರು ಬಾರಿ ತೆಗೆದರು. ಫೋನುಗಳಲ್ಲಿ ಆ ಏರ್ಪಾಡು ನಡೆಯುತ್ತಿದ್ದುದರಿಂದ ಸುಕ್ಕುಗಳು ಮಾಯವಾಗಿ, ಹಚ್ಚೆಯೂ ಮಾಸಿಹೋಯಿತು. ಅಜ್ಜಿಯು ಚಿತ್ರವನ್ನು ಹತ್ತಿರ ಹಿಡಿದು, "ಇವಳ್ಯಾರಮ್ಮ, ನಮ್ಮ ಕಡೆಯೋಳೋ ಗಂಡಿನ ಕಡೆಯೋಳೋ?" ಎಂದು ಕೇಳಿದರು. ಎಲ್ಲರೂ ನಕ್ಕೆವು. ಮರುವರ್ಷ ಅವರು ತೀರಿಕೊಂಡರು. ಗೋಡೆಗೆ ಹಾಕಲು ಒಂದು ಚಿತ್ರವನ್ನು ಹುಡುಕುವಾಗ, ಇದ್ದ ಅಷ್ಟರಲ್ಲಿಯೂ ಅಜ್ಜಿಯ ಮುಖವೇ ಇಲ್ಲವೆಂದು ಮಗನು ನಮ್ಮ ಬಳಿಗೆ ಬಂದರು. ನಾಮಕರಣವೊಂದರಲ್ಲಿ ನಾವು ಕಚ್ಚಾ ಫೈಲಾಗಿ ತೆಗೆದಿಟ್ಟಿದ್ದ ಮಬ್ಬಾದ ಚಿತ್ರವೊಂದಿತ್ತು. ಅದರ ನೆರಳನ್ನಷ್ಟೇ ತಿಳಿಗೊಳಿಸಿದೆವು. ಹಚ್ಚೆಯ ಮೂರು ಬೊಟ್ಟುಗಳೂ ಎದ್ದು ಬಂದವು. ಈಗ ಅವರ ಮನೆಯ ಗೋಡೆಯ ಮೇಲಿರುವುದು ಅದೇ.

ಊರಿನ ಚಿತ್ರಗಳಿಗೂ ಈ ಮಾತು ಸಲ್ಲುತ್ತದೆ. 2015ರಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಚೆಯ ನೊರೆಯು ಗಾಳಿಗೆ ಹಾರಿ ರಸ್ತೆಯ ಮೇಲೆ ಬೀಳುತ್ತಿದ್ದಿತು. ಅಂತಹ ಚಿತ್ರಕ್ಕೆ ನೀಲಿಯನ್ನು ಏರಿಸಿ ಮೋಡವನ್ನು ಕೂಡಿಸಿದರೆ ನೋಡುವವರು ಹಿಮಾಲಯವೆಂದಾರು. ಅಂತರರಾಷ್ಟ್ರೀಯ ಛಾಯಾಚಿತ್ರ ಸಂಸ್ಥೆಗಳು 2015ರಿಂದ ಒಪ್ಪಿ ನಡೆಸುತ್ತಿರುವ ನಿಯಮದಂತೆ, ನಿಸರ್ಗ ವಿಭಾಗದ ಚಿತ್ರದ ಅಂಚನ್ನು ಕತ್ತರಿಸಬಹುದೇ ಹೊರತು ಒಳಗಿನ ವಸ್ತುವನ್ನು ಅಳಿಸುವುದಕ್ಕೂ ಕೂಡಿಸುವುದಕ್ಕೂ ಅವಕಾಶವಿಲ್ಲ. ಮನೆಯ ಆಲ್ಬಮ್ಮಿಗೆ ಇಷ್ಟು ಬಿಗಿ ಬೇಡವೆನ್ನುವವರೂ ಉಂಟು. ನಾವು ಅವರ ಪಕ್ಷದವರಲ್ಲ.

ವಾಚಕರು ತಮ್ಮ ಫೋನಿನಲ್ಲಿ ಈ ನುಣುಪಿನ ಏರ್ಪಾಡನ್ನು ಹುಡುಕಿ ಸೊನ್ನೆಗೆ ಇಳಿಸಬಹುದು. ಕಚ್ಚಾ ಫೈಲಿನ ಸೌಕರ್ಯವಿದ್ದರೆ ಮುಖ್ಯ ಸಮಾರಂಭಗಳಿಗೆ ಅದನ್ನೇ ಬಳಸತಕ್ಕದ್ದು. ಸಾಮಾನ್ಯವಾದ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲುಗಳಾದರೆ, 12 ಬಿಟ್ಟಿನ ಕಚ್ಚಾ ಫೈಲಿನಲ್ಲಿ 4096. ತಿದ್ದುವುದಕ್ಕೆ ಮುನ್ನ ಮೂಲದ ಪ್ರತಿಯೊಂದನ್ನು ಬೇರೆಡೆ ಇಡಬೇಕು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಚಿತ್ರವು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಹಾಗೆಯೇ ತಲಪುತ್ತದೆ. ಫೋನಿಗೆ ಸಿಕ್ಕಿಸುವ ಅಗ್ಗದ ಮಸೂರಗಳು ನಮಗೆ ಹಿಡಿಸಲಿಲ್ಲ, ಅಂಚುಗಳೆಲ್ಲ ಕಲಸಿಹೋಗುತ್ತವೆ. ಅದೇ ಹಣಕ್ಕೆ ಒಂದು ಪುಟ್ಟ ಮುಕ್ಕಾಲಿಯನ್ನು ಕೊಂಡರೆ ದೀಪಾವಳಿಯ ಹಣತೆಗಳೂ ಅಲುಗದೆ ಮೂಡುತ್ತವೆ. ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಮೆತ್ತನೆಯ ಸೀಸದ ಕಡ್ಡಿಯಿಂದ ಹೆಸರನ್ನೂ ತಾರೀಖನ್ನೂ ಬರೆದಿಡಿರಿ.