‘ಮುಂದುವರಿಸು’ ಒತ್ತುವ ಮುನ್ನ

ಲೆಕ್ಕ ಬರೆದವರಿಗೆ ‘ತಾಳೆ’ ಎಂಬ ಮಾತಿನ ಬೆಲೆ ಗೊತ್ತು. ನಾವು ಮೆಟ್ರಿಕ್ ಮುಗಿಸಿ ಜತ್ತದ ನಮ್ಮ ಬೀಜ-ಗೊಬ್ಬರದ ಅಂಗಡಿಯಲ್ಲಿ ಗಾದಿಯ ಪಕ್ಕ ಕುಳಿತಾಗ ತೀರ್ಥರೂಪರು ಕಲಿಸಿದ ಮೊದಲ ಪಾಠ ಅದು. ಕೀರ್ದಿಯ ಜಮಾ-ಖರ್ಚು ತಾಳೆಯಾಗದೆ ಅಂಗಡಿಯ ಬಾಗಿಲು ಹಾಕುವಂತಿರಲಿಲ್ಲ. ನಾಲ್ಕಾಣೆ ವ್ಯತ್ಯಾಸ ಬಂದರೂ ರಾತ್ರಿ ಹತ್ತರವರೆಗೆ ಕುಳಿತು ಹುಡುಕಲೇಬೇಕು. ಇಂಥ ಪಾಠ ಕಲಿತ ನಾವೇ, ಕಂಪ್ಯೂಟರ್ ‘ತಾಳೆಯಾಗುತ್ತಿಲ್ಲ’ ಎಂದು ಹೇಳಿದಾಗ ಕೇಳಲಿಲ್ಲ. ಅದರ ಫಲವನ್ನು ಓದುಗ ಬಾಂಧವರ ಮುಂದೆ ಇಡುತ್ತಿದ್ದೇವೆ.

2022ರ ಜನವರಿಯಲ್ಲಿ ಅಂಗಡಿಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು. ನಮಗೆ ಚಿಂತೆಯಾಗಲಿಲ್ಲ. ವಾರಕ್ಕೊಮ್ಮೆ ಪೆನ್ ಡ್ರೈವಿನಲ್ಲಿ ಬ್ಯಾಕಪ್, ಅಂದರೆ ಲೆಕ್ಕದ ಇನ್ನೊಂದು ಪ್ರತಿ, ತೆಗೆಯುತ್ತಿದ್ದೆವು. ಹೊಸ ಡಿಸ್ಕ್ ಹಾಕಿ, ಪೆನ್ ಡ್ರೈವಿನಿಂದ ಲೆಕ್ಕವನ್ನು ಮರಳಿ ತುಂಬುವಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಫೈಲಿನ ಚೆಕ್‌ಸಮ್ ಹೊಂದುತ್ತಿಲ್ಲ, ಮುಂದುವರಿಸಬೇಕೆ ಎಂಬುದು ಅದರ ಅರ್ಥ. ರಿಪೇರಿಗೆ ಬಂದ ಹುಡುಗ, “ಹಂಗ ಬರತಿರತದರೀ ಕಾಕಾ, ಎಸ್ ಒತ್ರಿ” ಅಂದ. ಒತ್ತಿದೆವು. ಲೆಕ್ಕ ತೆರೆಯಿತು, ಹೆಸರುಗಳೆಲ್ಲ ಕಂಡವು. ಕೆಲಸ ಮುಗಿಯಿತೆಂದು ಚಹಾ ಕುಡಿದೆವು.

ಯುಗಾದಿಯ ಹೊತ್ತಿಗೆ ಉದ್ರಿ ವಸೂಲಿ ಆರಂಭಿಸಿದಾಗ, ದಾಳಿಂಬೆ ಬೆಳೆಯುವ ಒಬ್ಬ ಹಳೆಯ ಗಿರಾಕಿಯ ಖಾತೆಯಲ್ಲಿ 18,400 ರೂಪಾಯಿ ಬಾಕಿ ಕಂಡಿತು. ನಾಲ್ಕು ಜನರ ಮುಂದೆಯೇ ಕೇಳಿಬಿಟ್ಟೆವು. ಅವರ ಮುಖ ಸಣ್ಣದಾಯಿತು. “ಸಾವಕಾರ್ರ, ದೀಪಾವಳಿ ಮುಂದ ನಿಮ್ಮ ಕೈಯಾಗನ ಕೊಟ್ಟೀನಲ್ರಿ” ಎಂದರು. ನಾವು ಪರದೆ ತೋರಿಸಿದೆವು. ಮರುದಿನ ಅವರು ನಮ್ಮದೇ ಸಹಿಯ ಪಾವತಿ ತಂದು ಗಲ್ಲೆಯ ಮೇಲೆ ಇಟ್ಟರು. ಅಂದು ಆದ ನಾಚಿಕೆಯನ್ನು ಇನ್ನೂ ಮರೆತಿಲ್ಲ. ಕ್ಷಮೆ ಕೇಳಿದೆವು. ಆದರೆ ಅವರ ಹತ್ತಿರ ಪಾವತಿ ಉಳಿಯದೆ ಇದ್ದಿದ್ದರೆ? ನಮ್ಮ ತಪ್ಪಿಗೆ ಅವರು ಎರಡನೆಯ ಸಲ ಹಣ ಕೊಡಬೇಕಾಗುತ್ತಿತ್ತು, ಇಲ್ಲವೆ ಸುಳ್ಳುಗಾರ ಎನಿಸಿಕೊಳ್ಳಬೇಕಾಗುತ್ತಿತ್ತು.

ಆ ಮೇಲೆ ತಿಳಿದವರನ್ನು ಕೇಳಿ ಕಲಿತದ್ದು ಇಷ್ಟು.

ಬ್ಯಾಕಪ್ ತೆಗೆಯುವಾಗ ಕಂಪ್ಯೂಟರ್ ಇಡೀ ಫೈಲನ್ನು ಅಂಕಿಗಳಾಗಿ ಓದಿ, ಲೆಕ್ಕ ಹಾಕಿ, ಒಂದು ತಾಳೆ-ಅಂಕಿಯನ್ನು ಜೊತೆಗೆ ಬರೆದಿಡುತ್ತದೆ. ಮರಳಿ ತುಂಬುವಾಗ ಅದೇ ಲೆಕ್ಕವನ್ನು ಮತ್ತೆ ಹಾಕುತ್ತದೆ. ಎರಡೂ ಅಂಕಿ ಒಂದೇ ಆದರೆ ಸರಿ, ಬೇರೆಯಾದರೆ ಎಚ್ಚರಿಕೆ. ಇದು ಬರಿಯ ಕೂಡಿಕೆಯಲ್ಲ. 125, 340, 78 ಇವುಗಳ ಮೊತ್ತ 543. ಮೊದಲ ಎರಡು ಅಂಕಿ ಅದಲು ಬದಲಾದರೂ ಮೊತ್ತ 543ೇ ಇರುತ್ತದೆ, ತಪ್ಪು ಸಿಗುವುದಿಲ್ಲ. ಅದೇ ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ ಗುಣಿಸಿ ಕೂಡಿದರೆ 1,039 ಬರುತ್ತದೆ. ಅದಲು ಬದಲಾದರೆ 824 ಆಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಕಂಪ್ಯೂಟರಿನ ಲೆಕ್ಕ ಇದಕ್ಕಿಂತ ಬಹಳ ಬಿಗಿ. ಜಿಪ್ ಫೈಲುಗಳಲ್ಲಿ ಬಳಸುವ ಸಿಆರ್‌ಸಿ-32 ಎಂಬ ಪದ್ಧತಿಯಲ್ಲಿ ಸುಮಾರು 429 ಕೋಟಿ ಬೇರೆ ಬೇರೆ ತಾಳೆ-ಅಂಕಿಗಳು ಸಾಧ್ಯ. ಆಕಸ್ಮಿಕವಾಗಿ ಕೆಟ್ಟ ಫೈಲು ಅದರ ಕಣ್ಣು ತಪ್ಪಿಸುವುದು ಅಪರೂಪ. ಆದ್ದರಿಂದ ಎಚ್ಚರಿಕೆ ಬಂತೆಂದರೆ ಏನೋ ಬದಲಾಗಿದೆ ಎಂದೇ ತಿಳಿಯಬೇಕು.

ಬದಲಾಗಲು ಕಾರಣಗಳು ಹಲವು. ನಕಲು ಮುಗಿಯುವ ಮುನ್ನವೇ ಪೆನ್ ಡ್ರೈವ್ ಕಿತ್ತರೆ ಫೈಲು ಅರ್ಧಕ್ಕೆ ನಿಲ್ಲುತ್ತದೆ. ನಮ್ಮಲ್ಲಿ ಆದದ್ದು ಇದೇ. ಅಂಗಡಿ ಮುಚ್ಚುವ ಅವಸರದಲ್ಲಿ ಕಿತ್ತಿದ್ದೆವು. ಕೊನೆಯ ಭಾಗ ಬರಲಿಲ್ಲ, ಅದರಲ್ಲಿದ್ದ ಜಮೆಗಳೂ ಬರಲಿಲ್ಲ. ಡಿಸ್ಕ್, ಪೆನ್ ಡ್ರೈವ್ ಹಳೆಯದಾಗಿ ಕೆಡುವುದು ಎರಡನೆಯ ಕಾರಣ. ವಯರು ಅಥವಾ ಕಂಪ್ಯೂಟರಿನ ಮೆಮೊರಿ ಕೆಟ್ಟು, ಫೈಲು ಸರಿಯಿದ್ದರೂ ಓದುವಾಗ ತಪ್ಪಾಗುವುದು ಮೂರನೆಯದು. ಲೆಕ್ಕ ತೆರೆದಿಟ್ಟು ಬರೆಯುತ್ತಿರುವಾಗಲೇ ನಕಲು ತೆಗೆಯುವುದು ನಾಲ್ಕನೆಯದು. ಯಾರಾದರೂ ಅಥವಾ ವೈರಸ್ ಫೈಲನ್ನು ತಿದ್ದಿರುವುದು ಐದನೆಯದು. ಯಾವ ಕಾರಣವೆಂದು ಎಚ್ಚರಿಕೆ ಹೇಳುವುದಿಲ್ಲ, ಹುಡುಕುವುದು ನಮ್ಮ ಕೆಲಸ.

ಇನ್ನೊಂದು ಮಾತು. ತಾಳೆ-ಅಂಕಿ ಹೊಂದಿದರೆ ಪ್ರತಿ ಬದಲಾಗಿಲ್ಲ ಎಂದಷ್ಟೇ ಅರ್ಥ. ಬರೆದ ಲೆಕ್ಕವೇ ತಪ್ಪಿದ್ದರೆ ಅದು ತಪ್ಪಾಗಿಯೇ ಮರಳಿ ಬರುತ್ತದೆ.

ಹಾಗಾದರೆ ಎಚ್ಚರಿಕೆ ಬಂದಾಗ ಮಾಡಬೇಕಾದದ್ದೇನು?

ಮೊದಲು ಕೈ ತಡೆಯಬೇಕು. ಪರದೆಯ ಮೇಲಿನ ಸಾಲನ್ನೂ ಫೈಲಿನ ಹೆಸರನ್ನೂ ಕಾಗದದ ಮೇಲೆ ಬರೆದುಕೊಳ್ಳಬೇಕು. ಈಗಿರುವ ಲೆಕ್ಕದ ಮೇಲೆ ಸಂಶಯದ ಪ್ರತಿಯನ್ನು ತುಂಬಲೇಬಾರದು. ಬೇರೆ ಫೋಲ್ಡರಿನಲ್ಲಿ ತೆರೆದು ನೋಡಬೇಕು. ಅದೇ ಪೆನ್ ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ ಓದಿಸಬೇಕು. ಅಲ್ಲಿ ತಾಳೆಯಾದರೆ ದೋಷ ಮೊದಲಿನ ಯಂತ್ರದ್ದು. ಅಲ್ಲಿಯೂ ಆಗದಿದ್ದರೆ ಅದರ ಹಿಂದಿನ ಬ್ಯಾಕಪ್‌ಗೆ ಹೋಗಬೇಕು. ಮರಳಿ ತುಂಬಿದ ಮೇಲೆ ಹೊರಗಿನ ಕಾಗದಗಳೊಂದಿಗೆ ತಾಳೆ ನೋಡಬೇಕು: ಬ್ಯಾಂಕಿನ ಪಾಸ್‌ಬುಕ್, ಪಾವತಿ ಪುಸ್ತಕ, ಸಲ್ಲಿಸಿದ ಜಿಎಸ್‌ಟಿ ವಿವರಗಳು. ಕೊನೆಯ ವೋಚರ್ ಯಾವ ತಾರೀಖಿನದೆಂದು ನೋಡಿದರೂ ಅರ್ಧ ಸತ್ಯ ಹೊರಬೀಳುತ್ತದೆ.

ನಮ್ಮ ಪುಣ್ಯಕ್ಕೆ 2021ರ ನವೆಂಬರ್ ಮಧ್ಯದ ಒಂದು ಪ್ರತಿ ಮಗನ ಮನೆಯಲ್ಲಿತ್ತು. ಅದು ಎಚ್ಚರಿಕೆಯಿಲ್ಲದೆ ತೆರೆಯಿತು. ಉಳಿದ ಎರಡು ತಿಂಗಳ ಲೆಕ್ಕವನ್ನು ಪಾವತಿ ಪುಸ್ತಕ ನೋಡಿ ಸೊಸೆಯೂ ನಾವೂ ಎಂಟು ದಿನ ಕುಳಿತು ಮತ್ತೆ ಬರೆದೆವು.

ದೊಡ್ಡವರೂ ಇಂಥದಕ್ಕೆ ಹೊರತಲ್ಲ. ಗಿಟ್‌ಲ್ಯಾಬ್ ಎಂಬ ಜಗತ್ಪ್ರಸಿದ್ಧ ಕಂಪನಿಯಲ್ಲಿ 2017ರ ಜನವರಿ 31ರಂದು ನೌಕರರೊಬ್ಬರ ಕೈತಪ್ಪಿನಿಂದ ಮುಖ್ಯ ದತ್ತಾಂಶವೇ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ, ನಿತ್ಯದ ಬ್ಯಾಕಪ್ ವಿಫಲವಾಗುತ್ತಲೇ ಇತ್ತೆಂದು ತಿಳಿಯಿತು. ವಿಫಲವಾದಾಗ ಬರಬೇಕಿದ್ದ ಎಚ್ಚರಿಕೆಯ ಇ-ಮೇಲ್‌ಗಳೂ ತಲುಪುತ್ತಿರಲಿಲ್ಲ. ಸುಮಾರು 6 ಗಂಟೆ ಹಿಂದಿನ ಒಂದು ಪ್ರತಿ ಇದ್ದುದರಿಂದ ಉಳಿದುಕೊಂಡರು. ಅವರಿಗೆ ಎಚ್ಚರಿಕೆ ತಲುಪಲಿಲ್ಲ. ನಮಗೆ ತಲುಪಿತ್ತು, ನಾವು ಓದಲಿಲ್ಲ.

ಈಗ ನಮ್ಮ ಅಂಗಡಿಯಲ್ಲಿ ಮೂರು ಪ್ರತಿಗಳ ನಿಯಮವಿದೆ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ. ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಬರೆಯುವುದಿಲ್ಲ. ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ನಿಜವಾಗಿ ಮರಳಿ ತೆರೆದು ನೋಡುತ್ತೇವೆ. ತೆರೆದು ನೋಡದ ಬ್ಯಾಕಪ್ ಎಣಿಸದೆ ಇಟ್ಟ ಹಣದ ಗಂಟು. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ವಿವರ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಕಾಯ್ದಿಡಬೇಕು. ಅಷ್ಟು ಕಾಲ ಒಂದೇ ಪೆನ್ ಡ್ರೈವನ್ನು ನಂಬಿ ಕೂರುವುದು ಸಲ್ಲದು.

ಅಂಗಡಿ ಇಲ್ಲದ ಮನೆಗಳಲ್ಲಿಯೂ ಮಕ್ಕಳ ಫೋಟೋ, ಆಸ್ತಿಯ ಕಾಗದ, ಮದುವೆಯ ಚಿತ್ರಗಳು ಇಂದು ಇಂಥ ಡಬ್ಬಿಗಳಲ್ಲಿಯೇ ಇವೆ. ತಾಯಂದಿರೂ ಮಕ್ಕಳೂ ಈ ಮಾತನ್ನು ತಿಳಿದಿರಲಿ.

ಆ ದಾಳಿಂಬೆಯ ಗಿರಾಕಿ ಇಂದಿಗೂ ನಮ್ಮ ಅಂಗಡಿಗೇ ಬರುತ್ತಾರೆ. ಅದು ಅವರ ದೊಡ್ಡತನ. ಹಣ ಕೊಟ್ಟಾಗಲೆಲ್ಲ ಪಾವತಿಯನ್ನು ಎರಡು ಸಲ ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದನ್ನು ನೋಡುವಾಗ ನಾವು ಏನೂ ಮಾತಾಡುವುದಿಲ್ಲ.